ಸಾಸಿವೆ ಅನಿಲ ಸುಟ್ಟಿದ್ದು ತಪ್ಪೇ?

ಮಾನ್ಯ ಸಂಪಾದಕರೇ,

ಇದ್ದ ರಾಸಾಯನಿಕ ಅಸ್ತ್ರಗಳನ್ನು ಭಾರತ ಸುಟ್ಟುಹಾಕಿ ಕೈ ಖಾಲಿ ಮಾಡಿಕೊಂಡಿತು ಎಂಬ ಮಾತು ಯುದ್ಧದ ಸುದ್ದಿ ಬಂದಾಗಲೆಲ್ಲ ಏಳುತ್ತದೆ. ರಾಸಾಯನಿಕ ಅಸ್ತ್ರ ನಿಷೇಧದ ಅಂತರರಾಷ್ಟ್ರೀಯ ಒಪ್ಪಂದದಡಿ ಭಾರತ 1997ರಲ್ಲಿ ಘೋಷಿಸಿದ್ದು 1,044 ಟನ್ ಸಾಸಿವೆ ಅನಿಲ, ಅಂದರೆ ಮೈಮೇಲೆ ಬೊಬ್ಬೆ ಏಳಿಸುವ ಯುದ್ಧವಿಷ. ಅದರ ನಾಶ 2009ರ ಮಾರ್ಚ್‌ನಲ್ಲಿ ಮುಗಿಯಿತು. ಈ ಅಸ್ತ್ರ ಇಟ್ಟುಕೊಂಡವರ ಪಾಡು ಏನಾಯಿತು ಎಂಬುದನ್ನು ಮರೆತವರಿಗೆ ಮಾತ್ರ ಇದು ನಷ್ಟವಾಗಿ ಕಾಣುತ್ತದೆ.

ಮೊದಲ ಮಹಾಯುದ್ಧದಲ್ಲಿ, 1915ರ ಸೆಪ್ಟೆಂಬರ್ 25ರಂದು ಫ್ರಾನ್ಸಿನ ಲೂಸ್‌ನಲ್ಲಿ ಬ್ರಿಟಿಷರು ಸಿಲಿಂಡರ್ ತೆರೆದು ಜರ್ಮನ್ ಸೇನೆಯತ್ತ ಕ್ಲೋರಿನ್ ಅನಿಲ ಬಿಟ್ಟರು. ಕೆಲವೆಡೆ ಗಾಳಿ ನಿಂತಿತು, ಕೆಲವೆಡೆ ತಿರುಗಿತು; ವಿಷ ಅವರದೇ ಕಂದಕಗಳಿಗೆ ಇಳಿಯಿತು. ಹತ್ತಿಗೆ ಎಣ್ಣಿ (ಕೀಟನಾಶಕ) ಹೊಡೆಯುವ ನವಲಗುಂದದ ರೈತ ಮೊದಲು ಗಾಳಿ ನೋಡುತ್ತಾನೆ. ದಾಳಿಯ ಹೊತ್ತು ಮೊದಲೇ ನಿಗದಿಯಾಗಿದ್ದ ಸೇನೆಗೆ ಆ ಸ್ವಾತಂತ್ರ್ಯವೂ ಇರಲಿಲ್ಲ. 1940ರಲ್ಲಿ ಜರ್ಮನರು ಬಂದಿಳಿದರೆ ತನ್ನದೇ ಕಡಲತೀರದ ಮೇಲೆ ವಿಮಾನದಿಂದ ಸಾಸಿವೆ ಅನಿಲ ಚೆಲ್ಲಲು ಬ್ರಿಟನ್ ಸಿದ್ಧವಾಗಿತ್ತು. ಅದು ಎಣ್ಣೆಯಂಥ ದ್ರವ, ಬಿದ್ದ ಜಾಗದಲ್ಲಿ ದಿನಗಟ್ಟಲೆ ಉಳಿಯುತ್ತದೆ. ಚೆಲ್ಲಿದ ಮೇಲೆ ಅಲ್ಲಿ ಓಡಾಡಬೇಕಾದವರು ಯಾರು?

ಎಲ್ಲಕ್ಕಿಂತ ದೊಡ್ಡ ಪಾಠ ಇಟಲಿಯ ‘ಬಾರಿ’ ಎಂಬ ಬಂದರಿನದು. 1943ರ ಡಿಸೆಂಬರ್ 2ರ ರಾತ್ರಿ ಜರ್ಮನ್ ವಿಮಾನಗಳು ಅಲ್ಲಿ ಬಾಂಬ್ ಹಾಕಿದವು. ಅಮೆರಿಕದ ‘ಜಾನ್ ಹಾರ್ವೆ’ ಹಡಗಿನಲ್ಲಿ 2,000 ಸಾಸಿವೆ ಅನಿಲದ ಬಾಂಬುಗಳಿದ್ದವು. ಶತ್ರು ಪ್ರಯೋಗಿಸಿದರೆ ಉತ್ತರ ಕೊಡಲು ತಂದ ಗುಟ್ಟಿನ ಸರಕು ಅದು. ಹಡಗು ಸ್ಫೋಟಗೊಂಡು ವಿಷಯ ಗೊತ್ತಿದ್ದ ಹಡಗಿನವರು ಸತ್ತರು. ಒಡೆದ ಹಡಗುಗಳಿಂದ ಸಮುದ್ರಕ್ಕೆ ಚೆಲ್ಲಿದ್ದ ಎಣ್ಣೆಯಲ್ಲಿ ವಿಷ ಬೆರೆಯಿತು. ಎಣ್ಣೆಯಲ್ಲಿ ತೊಯ್ದು ಬಂದ ನಾವಿಕರ ಬಟ್ಟೆಯನ್ನೂ ಬಿಚ್ಚಿಸದೆ ಕಂಬಳಿ ಹೊದಿಸಿ ಕೂರಿಸಲಾಯಿತು, ಏಕೆಂದರೆ ವೈದ್ಯರಿಗೆ ಯಾರೂ ಹೇಳಿರಲಿಲ್ಲ. ಸಾಸಿವೆ ಅನಿಲ ತಗುಲಿದಾಗ ಉರಿಯುವುದಿಲ್ಲ. ಕೆಲವು ಗಂಟೆಗಳ ಮೇಲೆ ಕಣ್ಣು ಊದಿ ಮುಚ್ಚಿಕೊಳ್ಳುತ್ತದೆ, ಚರ್ಮದಲ್ಲಿ ಬೊಬ್ಬೆ ಏಳುತ್ತದೆ. ಬಟ್ಟೆ ಕಳಚಿ ಬೇಗ ಸಾಬೂನು ನೀರಿನಲ್ಲಿ ತೊಳೆದಿದ್ದರೆ ಎಷ್ಟೋ ಜನ ಉಳಿಯುತ್ತಿದ್ದರು. ಆಸ್ಪತ್ರೆ ಸೇರಿದ 600ಕ್ಕೂ ಹೆಚ್ಚು ಮಂದಿಯಲ್ಲಿ 83 ಮಂದಿ ಸತ್ತರು. ಊರಿನವರ ಲೆಕ್ಕ ಇಟ್ಟವರಿಲ್ಲ.

ನಾಶ ಮಾಡುವುದೂ ಸಲೀಸಲ್ಲ. ಅಮೆರಿಕ ತನ್ನ ಕೊನೆಯ ಅಸ್ತ್ರವನ್ನು ಮುಗಿಸಿದ್ದು 2023ರ ಜುಲೈನಲ್ಲಿ. ಇನ್ನು ರಕ್ಷಣೆಯ ಸಿದ್ಧತೆಗೆ ಒಪ್ಪಂದದ ಅಡ್ಡಿಯೇ ಇಲ್ಲ: ಗ್ವಾಲಿಯರ್‌ನ ರಕ್ಷಣಾ ಪ್ರಯೋಗಾಲಯ ವಿಷದಿಂದ ಕಾಯುವ ಉಡುಪು, ವಿಷ ಪತ್ತೆ ಕಿಟ್‌ಗಳ ಕೆಲಸ ಮಾಡುತ್ತಲೇ ಇದೆ.

ನಮ್ಮ ಭಾಗಕ್ಕೆ ಹೆಚ್ಚು ಹತ್ತಿರದ ಅಪಾಯ ಶತ್ರುವಿನದಲ್ಲ. ಅನಿಲ ರೂಪದ ಕ್ಲೋರಿನ್ ಬಳಸುವ ನೀರು ಶುದ್ಧೀಕರಣ ಘಟಕ, ಅಮೋನಿಯಾದಿಂದ ತಂಪು ಮಾಡುವ ಕೋಲ್ಡ್ ಸ್ಟೋರೇಜ್ ಎಲ್ಲೆಲ್ಲಿವೆಯೋ ಅಲ್ಲಿ ಸೋರಿಕೆಯ ಭಯ ಇದ್ದೇ ಇದೆ. ಕ್ಲೋರಿನ್ ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ. ತಗ್ಗಿಗೆ, ನೆಲಮಾಳಿಗೆಗೆ ಹರಿಯುತ್ತದೆ. ಹಾಗಾಗಿ ಗಾಳಿಗೆ ಅಡ್ಡಲಾಗಿ ಸರಿದು ದಿಬ್ಬ ಹತ್ತಬೇಕು. ಸೋರುವ ಸಿಲಿಂಡರ್ ಮೇಲೆ ನೀರು ಹಾಕಲೇಬಾರದು: ತೇವ ಸೇರಿದ ಕ್ಲೋರಿನ್ ಲೋಹವನ್ನು ತಿಂದು ತೂತು ದೊಡ್ಡದು ಮಾಡುತ್ತದೆ. ಅಮೋನಿಯಾ ಹಗುರವಾದರೂ ದ್ರವ ಸೋರಿದಾಗ ತಣ್ಣನೆಯ ಮಂಜಾಗಿ ನೆಲ ಹಿಡಿದೇ ಸಾಗುತ್ತದೆ. ಅದರ ಹಬೆಗೆ ದೂರದಿಂದ ನೀರಿನ ತುಂತುರು ಹಿಡಿಯಬಹುದು, ನಿಂತ ದ್ರವಕ್ಕೆ ಸುರಿದರೆ ಇನ್ನಷ್ಟು ಹಬೆ ಏಳುತ್ತದೆ. ಒದ್ದೆ ಬಟ್ಟೆ ಮೂಗಿಗೆ ಹಿಡಿದರೆ ತಪ್ಪಿಸಿಕೊಂಡು ಓಡುವಷ್ಟು ಹೊತ್ತು ಮಾತ್ರ ತುಸು ನೆರವು. ಅದನ್ನೇ ನಂಬಿ ಒಳಗೆ ನುಗ್ಗಬಾರದು.

ಜಿಲ್ಲಾಡಳಿತಗಳು ಇಂಥ ಪ್ರತಿ ಘಟಕದ ಮೇಲೆ ಗಾಳಿಯ ದಿಕ್ಕು ತೋರುವ ಗಾಳಿಚೀಲ ಕಟ್ಟಿಸಲಿ. ಯಾವ ರಾಸಾಯನಿಕ, ಎಷ್ಟು ಇದೆ ಎಂಬ ಫಲಕವನ್ನು ಗೇಟಿನ ಹೊರಗೆ ಕನ್ನಡದಲ್ಲಿ ಹಾಕಿಸಲಿ, ಅದೇ ಪಟ್ಟಿಯನ್ನು ಹತ್ತಿರದ ಸರ್ಕಾರಿ ಆಸ್ಪತ್ರೆಗೂ ಅಗ್ನಿಶಾಮಕ ಠಾಣೆಗೂ ಮೊದಲೇ ಕೊಡಲಿ.

– ರಸಾಯನಶಾಸ್ತ್ರದ ನಿವೃತ್ತ ಅಧ್ಯಾಪಕರು, ಧಾರವಾಡ