ಎಸಿ ಹಾಕುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಕರೆಂಟ್ ಬಿಲ್ ಜಾಸ್ತಿ ಬಂತು ಅಂತ ಸುಮ್ನೆ ಮೀಟರನ್ನು ಬೈಯಬೇಡಿ, ಮೊದಲು ಎಸಿ ಲೆಕ್ಕ ನೋಡಿ. ಒಂದೂವರೆ ಟನ್ ಎಸಿ, ಕಂಪ್ರೆಸರ್ ಪೂರ್ತಿ ಓಡುವಾಗ ಗಂಟೆಗೆ ಸುಮಾರು ಒಂದೂವರೆ ಯೂನಿಟ್ ಎಳೆಯುತ್ತದೆ. ಅಷ್ಟು ಕರೆಂಟಿನಲ್ಲಿ 75 ವ್ಯಾಟ್ ಫ್ಯಾನ್ 20 ಗಂಟೆ ತಿರುಗುತ್ತದೆ!

18ಕ್ಕೆ ಇಟ್ಟರೆ ಕೋಣೆ ಬೇಗ ತಣ್ಣಗಾಗುತ್ತೆ ಅನ್ನೋದು ಬರೀ ನಂಬಿಕೆ. ಕಂಪ್ರೆಸರ್‌ಗೆ ಬಿಡುವು ಸಿಗುವುದಿಲ್ಲ, ಅಷ್ಟೇ. 24–26ಕ್ಕೆ ಇಟ್ಟು ಫ್ಯಾನ್ ನಿಧಾನಕ್ಕೆ ಹಾಕಿಕೊಳ್ಳಿ. ಒಳಗಿನ ಜಾಲರಿ ಫಿಲ್ಟರ್ ತೆಗೆದು ನಲ್ಲಿ ನೀರಲ್ಲಿ ತೊಳೆಯಿರಿ. ಧೂಳು ಕಟ್ಟಿದ್ದರೆ ಗಾಳಿ ಬರಲ್ಲ, ಮೀಟರ್ ಮಾತ್ರ ಓಡುತ್ತೆ.

ಗೃಹಜ್ಯೋತಿ ಇರುವವರು ಇನ್ನೂ ಹುಷಾರಾಗಿರಿ. ತಿಂಗಳಿಗೆ 200 ಯೂನಿಟ್ ದಾಟಿದರೆ ದಾಟಿದ್ದಕ್ಕೆ ಮಾತ್ರ ಅಲ್ಲ, ಪೂರ್ತಿ ಬಿಲ್ ಕಟ್ಟಬೇಕು.