ಅಪ್ಪನ ತಣ್ಣನೆ ಕಾಫಿ

ಬಿಜೈ, ಮಂಗಳೂರು
ಏಪ್ರಿಲ್, ಭಾನುವಾರ ಮಧ್ಯಾಹ್ನ

ಪ್ರೀತಿಯ ಗೆಳೆಯ,

ಅಮ್ಮನಿಗೆ ತಣ್ಣನೆ ಕಾಫಿ ಮಾಡುವುದು ಹೇಗೆ ಅಂತ ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡಲಿಕ್ಕೆ ಆಗಲಿಲ್ಲ, ಒಲೆಯ ಮೇಲೆ ಗಂಜಿ ಇತ್ತು. ಅಮ್ಮನಿಗೆ ಹಲ್ಲು ತೆಗೆಸಿದ್ದು, ಬಿಸಿ ಬೇಡ ಅಂದದ್ದು, ಕಾಫಿ ಇಲ್ಲದೆ ಅವರು ತಲೆನೋವು ಅಂತ ಮಲಗಿದ್ದು, ಎಲ್ಲ ಕೇಳಿದ ಮೇಲೆ ನನಗೆ ಹೋದ ವರ್ಷದ ನಮ್ಮ ಮನೆಯೇ ಕಣ್ಣೆದುರು ಬಂತು. ಆ ತಲೆನೋವನ್ನು ಹಟ ಅಂದುಕೊಳ್ಳಬೇಡ. ದಿನಾ ಕುಡಿಯುವವರಿಗೆ ಕಾಫಿ ತಪ್ಪಿದರೆ ಒಂದೇ ದಿನದಲ್ಲಿ ತಲೆ ಸಿಡಿಯಲು ಶುರುವಾಗುತ್ತದೆ, ಕೆಫೀನ್ ಸಿಗದ ಶರೀರ ಹಾಗೆ ಮಾಡುತ್ತದೆ.

ನಮ್ಮ ಅಪ್ಪನಿಗೆ ಕೆಳಗಿನ ಸಾಲಿನ ಹಲ್ಲುಗಳನ್ನು ತೆಗೆಸಿದ್ದು ಇಂಥದ್ದೇ ಸೆಕೆಯಲ್ಲಿ. ಮೊದಲ ದಿನ ನಾನು ಮಾಡಿದ ಕೆಲಸ ಇಷ್ಟೇ: ಎಂದಿನ ಹಾಗೆ ಬಿಸಿ ಕಾಫಿ ಬೆರೆಸಿ, ಮೇಲಿಂದ ನಾಲ್ಕು ಐಸ್ ಹಾಕಿ ಕೊಟ್ಟೆ. ಅಪ್ಪ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು. ಏನೂ ಹೇಳಲಿಲ್ಲ. ಅದು ನನ್ನನ್ನು ಬಹಳ ಕಾಡಿತು ಮಾರಾಯ.

ತಪ್ಪು ಎಲ್ಲಿ ಅಂತ ಆಮೇಲೆ ಹೊಳೆಯಿತು. ಒಂದು ಗ್ರಾಂ ಐಸ್ ಕರಗಲು 80 ಕ್ಯಾಲೊರಿ ಶಾಖ ಬೇಕು ಎಂದು ಹೈಸ್ಕೂಲಿನಲ್ಲಿ ನಾವಿಬ್ಬರೂ ಉರು ಹೊಡೆದದ್ದು ನೆನಪುಂಟಾ? ಈಗ ಲೆಕ್ಕ ಹಾಕು. 80 ಡಿಗ್ರಿಯಲ್ಲಿರುವ 100 ಗ್ರಾಂ ಕಾಫಿ ಸೊನ್ನೆಗೆ ಇಳಿಯಬೇಕಾದರೆ ಸರಿಯಾಗಿ 100 ಗ್ರಾಂ ಐಸನ್ನು ನೀರು ಮಾಡುತ್ತದೆ. ಅಂದರೆ ಅರ್ಧಕ್ಕರ್ಧ ನೀರು! ಹಾಗಾಗಿ ಐಸಿನ ಕೆಲಸ ಕಾಫಿಯನ್ನು ತಣ್ಣಗೆ ಮಾಡುವುದಲ್ಲ, ತಣ್ಣಗಾದ ಕಾಫಿಯನ್ನು ಹಾಗೆಯೇ ಹಿಡಿದಿಡುವುದು ಮಾತ್ರ. ತಣಿಸುವ ಕೆಲಸ ಹಿಂದಿನ ರಾತ್ರಿಯೇ ಆಗಿರಬೇಕು.

ನಾನು ಮಾಡುವುದು ಹೀಗೆ. ರಾತ್ರಿ ಊಟ ಆದ ಮೇಲೆ ಸ್ಟೀಲ್ ಫಿಲ್ಟರಿಗೆ 30 ಗ್ರಾಂ ಪುಡಿ, ಅದರ ಮೇಲೆ 150 ಮಿಲಿ ಕುದಿ ನೀರು. ಪುಡಿ ತನ್ನ ತೂಕದ ಎರಡರಷ್ಟು ನೀರನ್ನು ತಾನೇ ಹಿಡಿದಿಟ್ಟುಕೊಳ್ಳುತ್ತದೆ, ಕೆಳಗೆ ಇಳಿಯುವುದು ಸುಮಾರು 90 ಮಿಲಿ. ಮೂರು ಲೋಟಕ್ಕೆ ಧಾರಾಳ ಸಾಕು. ಸಕ್ಕರೆಯನ್ನು ಈ ಬಿಸಿ ಡಿಕಾಕ್ಷನ್‌ಗೇ ಹಾಕಿ ಕದಡು, ತಣಿದ ಮೇಲೆ ಫ್ರಿಜ್ಜಿನಲ್ಲಿಡು. ಬೆಳಿಗ್ಗೆ ತಣ್ಣನೆ ಹಾಲಿಗೆ ಹಾಕಿದರೆ ಅದು ಅಡಿಯಲ್ಲಿ ಮರಳಿನ ಹಾಗೆ ಕೂತಿರುತ್ತದೆ. ಯಾವಾಗಿನದಕ್ಕಿಂತ ಅರ್ಧ ಚಮಚ ಹೆಚ್ಚೇ ಇರಲಿ, ತಣ್ಣಗಿದ್ದಾಗ ನಾಲಿಗೆಗೆ ಸಿಹಿ ಕಡಿಮೆ ಗೊತ್ತಾಗುತ್ತದೆ. ಗಡ್‌ಬಡ್ ತಿನ್ನುವಾಗ ಗ್ಲಾಸಿನ ತಳದಲ್ಲಿ ಕರಗಿ ಉಳಿದ ಐಸ್‌ಕ್ರೀಮ್ ಯಾಕೆ ಅಷ್ಟು ಅತಿ ಸಿಹಿ ಎಂದು ನೀನು ಯಾವಾಗಲೂ ಕೇಳುತ್ತಿದ್ದೆಯಲ್ಲ, ಇದೇ ಕಾರಣ.

ಇನ್ನು ಉಳಿದ ಪುಡಿಯ ಮೇಲೆ ಮತ್ತೊಮ್ಮೆ ನೀರು ಹೊಯ್ಯಿ. ಆ ಎರಡನೇ ಡಿಕಾಕ್ಷನ್ ತಣಿದ ಮೇಲೆ ಐಸ್ ಟ್ರೇಗೆ. ಇದು ನಾನು ಕಂಡುಕೊಂಡದ್ದರಲ್ಲೆಲ್ಲ ನನಗೆ ಹೆಚ್ಚು ಇಷ್ಟವಾದದ್ದು: ಕರಗಿದರೂ ಕಾಫಿಯೇ, ನೀರಲ್ಲ. ಅಪ್ಪ ಪೇಪರ್ ಓದುತ್ತಾ ಮುಕ್ಕಾಲು ಗಂಟೆ ಕುಡಿದರೂ ಕೊನೆಯ ಗುಟುಕಿನಲ್ಲಿ ಕಾಫಿಯ ರುಚಿ ಉಳಿದಿರುತ್ತದೆ.

ಹಾಲು ಕಾಯಿಸಿ, ತಣಿಸಿ, ಕೆನೆ ಪೂರ್ತಿ ತೆಗೆದು ಫ್ರಿಜ್ಜಿನಲ್ಲಿಡು. ಕೆನೆ ಉಳಿದರೆ ಬಾಯಿಗೆ ಚೂರು ಚೂರಾಗಿ ಸಿಕ್ಕಿ ಎಲ್ಲ ಹಾಳು. ಬೆಳಿಗ್ಗೆ ಒಂದು ಲೋಟದ ಲೆಕ್ಕಕ್ಕೆ 30 ಮಿಲಿ ಡಿಕಾಕ್ಷನ್, 120 ಮಿಲಿ ಹಾಲು, ಮುಚ್ಚಳ ಬಿಗಿಯಾದ ಹಾರ್ಲಿಕ್ಸ್ ಬಾಟಲಿಯಲ್ಲಿ ಹಾಕಿ ಚೆನ್ನಾಗಿ ಕುಲುಕು, ನೊರೆ ಬರುತ್ತದೆ. ಲೋಟಕ್ಕೆ ಸುರಿದು ಆ ಕಾಫಿ ಐಸ್ ಹಾಕು. ಅಮ್ಮನಿಗೆ ಬೆಲ್ಲದ ಕಾಫಿಯೇ ಬೇಕೆಂದರೆ ಬೆಲ್ಲವನ್ನೂ ಡಿಕಾಕ್ಷನ್‌ನಲ್ಲೇ ಕರಗಿಸು. ಬಿಸಿ ಹಾಲಿಗೆ ಬೆಲ್ಲ ಬಿದ್ದರೆ ಒಡೆಯುವ ಭಯ, ಎರಡೂ ತಣ್ಣಗಿದ್ದರೆ ಆ ಭಯ ಅಷ್ಟಿಲ್ಲ. ಸ್ಟ್ರಾ ಮಾತ್ರ ಕೊಡಬೇಡ. ಹೀರುವ ಎಳೆತಕ್ಕೆ ಗಾಯದ ಮೇಲೆ ಹೆಪ್ಪುಗಟ್ಟಿದ ರಕ್ತ ಕಿತ್ತು ಬರಬಹುದು. ಲೋಟದಲ್ಲೇ, ಸಣ್ಣ ಗುಟುಕು.

ಪುಡಿಯ ವಿಷಯ. ಹಾಲಿನ ಕಾಫಿಗೆ ಸ್ವಲ್ಪ ಚಿಕೋರಿ ಇದ್ದರೇ ಒಳ್ಳೆಯದು, ಇಲ್ಲದಿದ್ದರೆ ತಣ್ಣನೆ ಹಾಲಿನಲ್ಲಿ ಕಾಫಿ ಸೊರಗುತ್ತದೆ. ಹಾಲಿಲ್ಲದ ಕರಿ ಕಾಫಿ ನಿನಗೆ ಬೇಕಾದರೆ ಬಿಸಿ ನೀರನ್ನೇ ಮುಟ್ಟಬೇಡ: ರವೆಯಷ್ಟು ತರಿಯಾಗಿ ಬೀಸಿಸಿದ 50 ಗ್ರಾಂ ಪುಡಿ, ಅರ್ಧ ಲೀಟರ್ ತಣ್ಣೀರು, ಫ್ರಿಜ್ಜಿನಲ್ಲಿ 14 ಗಂಟೆ, ಆಮೇಲೆ ಬಟ್ಟೆಯಲ್ಲಿ ಸೋಸುವುದು. ಅದಕ್ಕೆ ನಾನು ಹಾಕುವುದು ಮಾನ್ಸೂನ್ಡ್ ಮಲಬಾರ್. ಹೆಸರು ಮಲಬಾರ್ ಆದರೂ ಅದು ನಮ್ಮ ಮಂಗಳೂರಿನ ಗೋದಾಮುಗಳಲ್ಲಿ ಹದವಾಗುವ ಬೀಜ ಎಂದು ನನಗೆ ಗೊತ್ತಾದದ್ದೇ ಈಚೆಗೆ. ಹಿಂದೆ ಹಾಯಿ ಹಡಗುಗಳು ಆಫ್ರಿಕಾ ಸುತ್ತಿ ಯುರೋಪಿಗೆ ಹೋಗುವಾಗ ತಿಂಗಳುಗಟ್ಟಲೆ ಕಡಲ ಗಾಳಿ ಕುಡಿದು ಕಾಫಿ ಬೀಜ ಉಬ್ಬಿ, ಹಸಿರು ಬಣ್ಣ ಹೋಗಿ ಮಾಸಲು ಹಳದಿಯಾಗುತ್ತಿತ್ತಂತೆ. ಅಲ್ಲಿಯವರಿಗೆ ಅದೇ ರುಚಿ ಹಿಡಿಯಿತು. 1869ರಲ್ಲಿ ಸೂಯೆಜ್ ಕಾಲುವೆ ತೆರೆದು ದಾರಿ ಹತ್ತಿರವಾಯಿತು, ಹಡಗುಗಳೂ ಬದಲಾದವು, ಆ ರುಚಿ ಕಾಣೆಯಾಯಿತು. ಆಮೇಲೆ ಆ ಕಡಲ ಗಾಳಿಯನ್ನು ಇಲ್ಲಿಯೇ ಕೊಟ್ಟರು: ಜೂನ್‌ನಿಂದ ಸೆಪ್ಟೆಂಬರ್ ತನಕ ತೆರೆದ ಗೋದಾಮಿನಲ್ಲಿ ಬೀಜ ಹರಡಿ, ಕೈಯಾಡಿಸಿ, ಮಳೆಗಾಲದ ಗಾಳಿಗೆ ಬಿಡುವುದು. ಹುಳಿ ಬಹುತೇಕ ಹೋಗಿರುತ್ತದೆ. ನಮ್ಮ ಚಾಪೆ, ಚಪ್ಪಲಿಗಳಿಗೆಲ್ಲ ಬೂಸ್ಟು ಹಿಡಿಸುವ ಅದೇ ಮಳೆಗಾಳಿ ಇಂಥದ್ದೊಂದನ್ನೂ ಮಾಡುತ್ತದೆ ಎಂದು ತಿಳಿದಾಗ ನನಗೆ ನಿಜವಾಗಿ ಹೆಮ್ಮೆಯಾಯಿತು. ಆದರೆ ಬೀಸಿದ ಪುಡಿಗೆ ಆ ಗಾಳಿ ಶತ್ರು. 100 ಗ್ರಾಂಗಿಂತ ಹೆಚ್ಚು ತರಬೇಡ, ಡಬ್ಬಿಯ ಬಾಯಿ ಬಿಗಿಯಾಗಿ ಮುಚ್ಚು.

ಅಪ್ಪನಿಗೆ ಈಗ ಹಲ್ಲಿನ ಸೆಟ್ ಬಂದು ಎಷ್ಟೋ ಸಮಯವಾಯ್ತು. ಬೆಳಗ್ಗಿನ ಕಾಫಿ ಮತ್ತೆ ಬಿಸಿಯೇ. ಮಧ್ಯಾಹ್ನ ಮೂರೂವರೆಗೆ ಮಾತ್ರ, ಫ್ಯಾನಿನ ಕೆಳಗೆ ಕೂತು, "ಆ ನಿನ್ನದು ಉಂಟಾ?" ಅಂತ ಕೇಳುತ್ತಾರೆ.

ಮೇ ತಿಂಗಳಲ್ಲಿ ಅಮ್ಮನನ್ನು ಕರಕೊಂಡು ಮತ್ಸ್ಯಗಂಧ ರೈಲಿನಲ್ಲಿ ಬಾ. ದಿನ ಯಾವುದೆಂದು ಹಿಂದಿನ ದಿನವಾದರೂ ತಿಳಿಸು, ರಾತ್ರಿಯೇ ಟ್ರೇ ತುಂಬಿಸಿಡಬೇಕು.

ನಿನ್ನ,
ಬಿಜೈಯ ಗೆಳೆಯ