26 ಮೀಟರ್ ರಸ್ತೆ, 14 ಸೆಕೆಂಡು ದೀಪ: ನಮ್ಮ ಕ್ಷೇತ್ರದ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ ಸಾದರ ನಮಸ್ಕಾರಗಳು.

ವರ್ತುಲ ರಸ್ತೆಯು ನಮ್ಮ ಬಡಾವಣೆಯ ಮುಖ್ಯರಸ್ತೆಯನ್ನು ಕೂಡುವ ಸರ್ಕಲ್‌ನಲ್ಲಿ, ಮಾರ್ಕೆಟ್ ಬಸ್ಸು ನಿಲ್ಲುವ ಮೂಲೆಯಲ್ಲಿ, ಹತ್ತೊಂಬತ್ತು ವರ್ಷಗಳಿಂದ ಜೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ ನಡೆಸುತ್ತಿರುವವನು ನಾನು. ಈ ಸರ್ಕಲ್ ಕುರಿತು ತಮ್ಮ ಕಚೇರಿಗೆ ಬಂದಿರುವ ಮನವಿಗಳಲ್ಲಿ ಬಹುಪಾಲು ನನ್ನ ಅಂಗಡಿಯಲ್ಲಿಯೇ ತಯಾರಾದವು. ನನ್ನ ಪ್ರಿಂಟರ್ ಪ್ರತಿ ಹಾಳೆಯ ಬಲಗಡೆ ಒಂದು ಸಣ್ಣ ಕರಿಗೆರೆ ಎಳೆಯುತ್ತದೆಯಾದ್ದರಿಂದ ತಮ್ಮ ಆಪ್ತ ಸಹಾಯಕರು ಅವುಗಳನ್ನು ಸುಲಭವಾಗಿ ಗುರುತಿಸಬಹುದು, ಕಡತ ಇನ್ನೂ ಇದ್ದರೆ. ಇಷ್ಟು ವರ್ಷ ಬೇರೆಯವರ ಸಹಿಗಾಗಿ ಬರೆದವನು ಈ ಬಾರಿ ನನ್ನ ಸಹಿಗಾಗಿ ಬರೆಯುತ್ತಿದ್ದೇನೆ. ಕೇಳುವುದು ಒಂದೇ: ಈ ಸರ್ಕಲ್‌ನಲ್ಲಿ ನಡೆದು ಹೋಗುವ ಜನರಿಗೆ ನೆಲದ ಮೇಲೆಯೇ ರಸ್ತೆ ದಾಟಲು ಒಂದು ದಾರಿ ಕೊಡಿಸಿ.

ನೆಲದ ಮೇಲೆ ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ದಾರಿ ಕೇಳಿದಾಗಲೆಲ್ಲ ನಮಗೆ ಸ್ಕೈವಾಕ್ ತೋರಿಸಲಾಗುತ್ತದೆ. ತಾವೇ ರಿಬ್ಬನ್ ಕತ್ತರಿಸಿದ ಆ ಸ್ಕೈವಾಕ್‌ಗೆ 44 ಮೆಟ್ಟಿಲುಗಳಿವೆ. ಹತ್ತಿದಷ್ಟನ್ನೂ ಆ ಬದಿಯಲ್ಲಿ ಇಳಿಯಬೇಕು. ಲಿಫ್ಟ್ ಮೊದಲ ಮಳೆಗಾಲದವರೆಗೆ ಓಡಿತು, ಆಮೇಲೆ ಅದರ ಬಾಗಿಲಿಗೆ ಸರಪಳಿ ಬಿತ್ತು. ಆದರೆ ಮೇಲಿರುವ ಜಾಹೀರಾತು ಫಲಕದ ದೀಪಗಳು ಮಾತ್ರ ಒಂದು ದಿನವೂ ಆರಿಲ್ಲ, ಬಡಾವಣೆಗೆಲ್ಲ ಕರೆಂಟು ಹೋದಾಗಲೂ ಆರುವುದಿಲ್ಲ. ಒಡವೆ ಅಂಗಡಿಯ ಜಾಹೀರಾತನ್ನು ಇಷ್ಟು ಎತ್ತರದಲ್ಲಿ ಹಿಡಿದು ನಿಲ್ಲುವುದೇ ಆ ಉಕ್ಕಿನ ಕಂಬಗಳ ಉದ್ದೇಶವಾಗಿದ್ದಲ್ಲಿ, ಕೆಲಸ ಯಶಸ್ವಿಯಾಗಿದೆ ಎಂದು ಒಪ್ಪಿಕೊಳ್ಳುತ್ತೇನೆ. ಮಂಡಿನೋವಿನ ಅಜ್ಜಿ, ಬಗಲಲ್ಲಿ ಕೂಸು ಹೊತ್ತ ತಾಯಿ, ತರಕಾರಿ ಚೀಲ ಎತ್ತಿಕೊಂಡು ಮಾರ್ಕೆಟ್ ಬಸ್ಸಿಳಿಯುವ ಹೆಂಗಸರು ಅದನ್ನು ಏಕೆ ಹತ್ತುವುದಿಲ್ಲ ಎಂಬ ಪ್ರಶ್ನೆಗೆ, ತಾವು ಒಮ್ಮೆ ಸಭೆಯಲ್ಲಿ ಹೇಳಿದಂತೆ ‘ಜನರಿಗೆ ಶಿಸ್ತಿಲ್ಲ’ ಎಂಬುದು ಉತ್ತರವಲ್ಲ.

ಕೆಳಗೆ, ನೆಲದ ಮೇಲೆ ಇರುವುದನ್ನು ಹೇಳುತ್ತೇನೆ. ಮಾಸಿದ ಜೀಬ್ರಾ ಪಟ್ಟಿ ಇದೆ, ಪಾದಚಾರಿ ದೀಪವೂ ಇದೆ. ಕಳೆದ ದಸರಾ ರಜೆಯ ಒಂದು ಬೆಳಗಿನ ಜಾವ, ವಾಹನ ಕಡಿಮೆ ಇದ್ದ ಹೊತ್ತಿನಲ್ಲಿ, ಪಕ್ಕದ ಟೈಲರ್ ಅಂಗಡಿಯ ಹುಡುಗನ ಕೈಗೆ ಟೇಪಿನ ಒಂದು ತುದಿ ಕೊಟ್ಟು ರಸ್ತೆಯನ್ನು ಅಳೆದೆ: ಕಲ್ಲಂಚಿನಿಂದ ಕಲ್ಲಂಚಿಗೆ 26 ಮೀಟರ್. ಪಾದಚಾರಿಗಳಿಗೆ ಹಸಿರು ದೀಪ ಉರಿಯುವುದು 14 ಸೆಕೆಂಡು. ಸಿಗ್ನಲ್ ರೂಪಿಸುವ ಎಂಜಿನಿಯರುಗಳು ಜನರ ನಡಿಗೆಯನ್ನು ಸಾಮಾನ್ಯವಾಗಿ ಸೆಕೆಂಡಿಗೆ 1.2 ಮೀಟರ್ ಎಂದು ಹಿಡಿಯುತ್ತಾರೆ. ಅವರ ಲೆಕ್ಕದಲ್ಲೇ ಗಟ್ಟಿಕಾಲಿನವರಿಗೂ 22 ಸೆಕೆಂಡು ಬೇಕು. ನನ್ನ ಹೆಂಡತಿಗೆ ಈಗ 50 ಸೆಕೆಂಡು ಬೇಕು. ಆ 14 ಸೆಕೆಂಡಾದರೂ ಪೂರ್ತಿ ನಮ್ಮದೇ ಎಂದರೆ ಅದೂ ಅಲ್ಲ, ಏಕೆಂದರೆ ಮೂಲೆಯಲ್ಲಿ ‘ಫ್ರೀ ಲೆಫ್ಟ್’ ಎಂಬ ಫಲಕವಿದೆ. ನೇರ ಹೋಗುವ ವಾಹನ ನಿಂತರೂ ಎಡಕ್ಕೆ ತಿರುಗುವ ವಾಹನ ನಿಲ್ಲುವುದೇ ಇಲ್ಲ, ತಿರುವನ್ನೂ ವೇಗ ತಗ್ಗಿಸಬೇಕಾಗದಂತೆ ಅಗಲವಾಗಿ ದುಂಡಗೆ ಕಟ್ಟಲಾಗಿದೆ, ಹೀಗಾಗಿ ನಮಗೆ ಹಸಿರು ಬಿದ್ದ ಗಳಿಗೆಯಲ್ಲಿಯೇ ಆ ಮೂಲೆ ಅತ್ಯಂತ ಅಪಾಯದ್ದಾಗುತ್ತದೆ.

ನನ್ನ ಹೆಂಡತಿಯ ವಿಷಯ ಬಂದದ್ದರಿಂದ ಅದನ್ನು ಹೇಳಿಬಿಡುತ್ತೇನೆ. ನಮ್ಮ ಮನೆ ರಸ್ತೆಯ ಆಚೆ, ಅಂಗಡಿ ಈಚೆ. ಮದುವೆಯಾದಾಗಿನಿಂದ ಮಧ್ಯಾಹ್ನದ ಊಟವನ್ನು ಅವಳೇ ಕ್ಯಾರಿಯರ್‌ನಲ್ಲಿ ತರುತ್ತಿದ್ದಳು. ಎರಡು ವರ್ಷಗಳ ಹಿಂದೆ, ಶ್ರಾವಣದ ಒಂದು ಶುಕ್ರವಾರ, ಹಸಿರು ದೀಪ ನೋಡಿಯೇ ಹೊರಟವಳಿಗೆ ಎಡತಿರುವಿನಲ್ಲಿ ಬಂದ ಮೋಟಾರ್‌ಸೈಕಲ್ ಬಡಿಯಿತು. ನಾನು ಯಾರದೋ ಆದಾಯ ಪ್ರಮಾಣಪತ್ರದ ಪ್ರತಿ ತೆಗೆಯುತ್ತಿದ್ದೆ. ಸದ್ದು ಕೇಳಿಸಿತು, ಆದರೆ ಈ ಸರ್ಕಲ್‌ನಲ್ಲಿ ಅಂಥ ಸದ್ದು ಹೊಸದಲ್ಲವಾದ್ದರಿಂದ ತಲೆಯೆತ್ತಿ ನೋಡದೆ ಇನ್ನೂ ಎರಡು ಹಾಳೆ ತೆಗೆದು ಮುಗಿಸಿದೆ. ಆ ಎರಡು ಹಾಳೆಗಳನ್ನು ನಾನು ಈಗಲೂ ಮರೆತಿಲ್ಲ. ಹೊರಗೆ ಬಂದಾಗ ನಮ್ಮ ಕ್ಯಾರಿಯರ್‌ನ ಮುಚ್ಚಳ ಬಸ್‌ಸ್ಟಾಪಿನ ತನಕ ಉರುಳಿ ಹೋಗಿತ್ತು, ಜೀಬ್ರಾ ಪಟ್ಟಿಯ ಮೇಲೆ ಹುಳಿ ಚೆಲ್ಲಿತ್ತು, ಅವಳು ರಸ್ತೆ ವಿಭಜಕಕ್ಕೆ ಒರಗಿ ‘ನನಗೇನಾಗಿಲ್ಲ, ಕಾಲು ಮಾತ್ರ ಏಳುತ್ತಿಲ್ಲ’ ಎನ್ನುತ್ತಿದ್ದಳು. ತೊಡೆಮೂಳೆ ಮುರಿದಿತ್ತು. ರಾಡ್ ಹಾಕಿಸಿ, ಮೂರು ತಿಂಗಳು ಮಲಗಿಸಿ, ಆರು ತಿಂಗಳು ವಾಕರ್ ಹಿಡಿಸಿ, ಅಂಗಡಿಯ ಹೊಸ ಯಂತ್ರಕ್ಕೆಂದು ಕೂಡಿಟ್ಟ ಹಣವನ್ನೆಲ್ಲ ಅಲ್ಲಿಗೆ ಸುರಿದದ್ದಾಯಿತು. ಮೋಟಾರ್‌ಸೈಕಲ್ ಓಡಿಸುತ್ತಿದ್ದ ಹುಡುಗ ಆಸ್ಪತ್ರೆಯವರೆಗೂ ಬಂದು ಕೈಮುಗಿದು, ‘ಅಂಕಲ್, ಅಲ್ಲಿ ಫ್ರೀ ಲೆಫ್ಟ್ ಅಂತ ಬೋರ್ಡು ಇತ್ತು’ ಎಂದ. ಅವನಿಗೆ ಬೈಯಲು ನನಗೆ ಬಾಯಿ ಬರಲಿಲ್ಲ. ಬೋರ್ಡು ಇದ್ದದ್ದು ನಿಜ. ಅವನು ಹಾಕಿದ್ದಲ್ಲ.

ಈಗ ಅವಳು ರಸ್ತೆ ದಾಟುವುದಿಲ್ಲ. ಊಟಕ್ಕೆ ನಾನೇ ಅಂಗಡಿ ಮುಚ್ಚಿ ಹೋಗಿ ಬರುತ್ತೇನೆ. ತವರಿನ ಕಡೆಯ ಮದುವೆಗೆ ಬಸ್ಸು ಹಿಡಿಯಬೇಕೆಂದರೂ ಎದುರಿನ ನಿಲ್ದಾಣಕ್ಕೆ ಆಟೋ ಮಾಡಬೇಕಾಗುತ್ತದೆ. 26 ಮೀಟರಿಗಾಗಿ ಯೂ ಟರ್ನ್ ಹುಡುಕಿಕೊಂಡು ಎರಡು ಕಿಲೋಮೀಟರ್ ಸುತ್ತಿ, ಮಿನಿಮಮ್ ಚಾರ್ಜು ಕೊಟ್ಟು.

ಅಪಘಾತದ ನಂತರ ನಾನು ಸಂಬಂಧಪಟ್ಟ ಕಚೇರಿಯೊಂದಕ್ಕೆ ಆನ್‌ಲೈನ್‌ನಲ್ಲಿ ದೂರು ಕೊಟ್ಟೆ. ಯಾವ ಕಚೇರಿ ಎಂದು ಇಲ್ಲಿ ಬರೆಯುವುದಿಲ್ಲ, ತಾವು ಊಹಿಸಬಲ್ಲಿರಿ. ಹನ್ನೊಂದನೆಯ ದಿನ ‘ದೂರನ್ನು ಪರಿಹರಿಸಲಾಗಿದೆ’ ಎಂಬ ಸಂದೇಶ ಬಂದಿತು; ಜೊತೆಗೆ ಸಾಕ್ಷಿಯಾಗಿ ಒಂದು ಫೋಟೋ. ಫಳಫಳ ಹೊಳೆಯುವ ಜೀಬ್ರಾ ಪಟ್ಟಿ, ಹಳದಿ ಕಂಬಗಳು, ಹಿನ್ನೆಲೆಯಲ್ಲಿ ಒಂದು ದರ್ಶಿನಿ ಹೋಟೆಲು, ಅದರ ಮುಂದೆ ತೆಂಗಿನ ಮರ. ಮಾನ್ಯರೇ, ನಮ್ಮ ಸರ್ಕಲ್‌ನಲ್ಲಿ ದರ್ಶಿನಿಯೂ ಇಲ್ಲ, ತೆಂಗಿನ ಮರವೂ ಇಲ್ಲ. ಇದ್ದ ಒಂದು ಹೊಂಗೆ ಮರವನ್ನು ಸ್ಕೈವಾಕ್‌ಗಾಗಿ ಕಡಿದರು. ಯಾವುದೋ ಬೇರೆ ಊರಿನ, ಇಲ್ಲವೇ ಬೇರೆ ಬಡಾವಣೆಯ ರಸ್ತೆಗೆ ಬಳಿದ ಬಣ್ಣದಿಂದ ನನ್ನ ಹೆಂಡತಿಯ ದೂರು ಪರಿಹಾರವಾಗಿತ್ತು. ನಾನು ಮತ್ತೆ ದೂರು ಕೊಟ್ಟೆ, ಅದೇ ಫೋಟೋ ಮತ್ತೆ ಬಂದಿತು. ಮೂರನೆಯ ಸಲವೂ ಅದೇ. ಆ ಹೋಟೆಲನ್ನು ಕಂಡುಹಿಡಿದು ಅಲ್ಲೊಂದು ಕಾಫಿ ಕುಡಿದು ಬರಬೇಕೆಂಬ ಆಸೆ ನನಗಿದೆ. ಅಲ್ಲಿಯ ಜನರಾದರೂ ನೆಮ್ಮದಿಯಾಗಿ ರಸ್ತೆ ದಾಟುತ್ತಿದ್ದಾರೆಯೇ ನೋಡಬೇಕು.

ನಿಯಮಗಳನ್ನು ತಮಗೆ ನಾನು ಹೇಳಿಕೊಡಬೇಕಾಗಿಲ್ಲ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಅಡೆತಡೆಯಿಲ್ಲದ ಪಾದಚಾರಿ ಮಾರ್ಗ ಜನರ ಹಕ್ಕು, ಅದು ಬದುಕುವ ಹಕ್ಕನ್ನು ಹೇಳುವ ಸಂವಿಧಾನದ 21ನೇ ವಿಧಿಯೊಳಗೇ ಬರುತ್ತದೆ ಎಂದು ಹೇಳಿದ್ದು ತಮ್ಮ ಗಮನದಲ್ಲಿರುತ್ತದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 198ಎ ಕಲಮಿನ ಪ್ರಕಾರ, ರಸ್ತೆಯ ವಿನ್ಯಾಸ ಮತ್ತು ನಿರ್ವಹಣೆಯಲ್ಲಿ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯಕ್ಕೆ ಕಾರಣರಾದವರಿಗೆ 1 ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಬಹುದೆಂಬುದೂ ತಮಗೆ ತಿಳಿದಿರುತ್ತದೆ. ಫುಟ್‌ಪಾತ್ ಕನಿಷ್ಠ 1.8 ಮೀಟರ್ ಅಗಲ ತೆರವಾಗಿರಬೇಕೆಂದು ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆಯಾದ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿ ಹೇಳುತ್ತದೆ; ನಮ್ಮಲ್ಲಿ ಟ್ರಾನ್ಸ್‌ಫಾರ್ಮರ್, ಅಗೆದು ಮುಚ್ಚದ ಕೇಬಲ್ ಗುಂಡಿ, ನಿಲ್ಲಿಸಿದ ಸ್ಕೂಟರುಗಳನ್ನು ಕಳೆದರೆ ಒಬ್ಬರು ಅಡ್ಡಡ್ಡ ತೂರಿ ಹೋಗುವಷ್ಟು ಉಳಿಯುತ್ತದೆ. ನನ್ನ ಅಂಗಡಿಯ ಫಲಕವೂ ಕೆಲವು ವರ್ಷ ಅಲ್ಲಿಯೇ ನಿಂತಿತ್ತು. ನಾಚಿಕೆಯಾಗಿ ಒಳಗೆ ಎತ್ತಿಟ್ಟಿದ್ದೇನೆ. ರೆಸಿಡೆನ್ಸಿ ರಸ್ತೆಯಲ್ಲಿ ಟೆಂಡರ್‌ಶ್ಯೂರ್ ಯೋಜನೆಯಲ್ಲಿ ಅಗಲ ಮಾಡಿದ ಫುಟ್‌ಪಾತ್ ಮೇಲೆ ನಡೆದಾಗ, ಇದೇ ಊರಿನಲ್ಲಿ ಇದು ಸಾಧ್ಯವಾಗಿದೆಯಲ್ಲ ಎಂದು ಸಂತೋಷವೂ, ನಾವು ಯಾವ ಊರಿನವರು ಎಂಬ ಸಂಶಯವೂ ಒಟ್ಟಿಗೆ ಬರುತ್ತದೆ.

‘ಅದು ನನ್ನ ವ್ಯಾಪ್ತಿಗೆ ಬರುವುದಿಲ್ಲ’ ಎಂಬ ಮಾತನ್ನು ದಯವಿಟ್ಟು ತಾವು ಹೇಳಬಾರದು. ಆ ಮಾತನ್ನು ನಾನು ಎಲ್ಲ ಮೇಜುಗಳ ಮುಂದೆಯೂ ಕೇಳಿದ್ದೇನೆ. ಬಣ್ಣ ಒಬ್ಬರದು, ದೀಪ ಇನ್ನೊಬ್ಬರದು, ರಸ್ತೆ ಮತ್ತೊಬ್ಬರದು, ಸ್ಕೈವಾಕ್ ಗುತ್ತಿಗೆದಾರರದು. ಕಾಲು ಮಾತ್ರ ನಮ್ಮದು. 2020ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಸದಸ್ಯರ ಅವಧಿ ಮುಗಿದ ಮೇಲೆ ಐದು ವರ್ಷ ಕಾರ್ಪೊರೇಟರ್ ಇಲ್ಲದೆಯೇ ಕಳೆದೆವು, 2025ರ ಸೆಪ್ಟೆಂಬರ್‌ನಲ್ಲಿ ಒಂದಿದ್ದ ಪಾಲಿಕೆ ಐದಾಯಿತು, ನನ್ನ ಅಂಗಡಿಯಲ್ಲಿ ಲೆಟರ್‌ಹೆಡ್ ಬದಲಿಸುವ ಕೆಲಸ ಒಂದಿಷ್ಟು ಹೆಚ್ಚಾಯಿತು. ಈ ಅವಧಿಯುದ್ದಕ್ಕೂ ನಾವು ಮತ ಹಾಕಿ ಕಳಿಸಿದವರಲ್ಲಿ ಹತ್ತಿರ ಸಿಗುವವರು ತಾವೊಬ್ಬರೇ ಆಗಿದ್ದಿರಿ. ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿಯಿದೆ. ಅದಕ್ಕಿಂತ ಮಿಗಿಲಾಗಿ, ತಾವು ಒಂದು ಫೋನ್ ಮಾಡಿದರೆ ನಾಲ್ಕೂ ಕಚೇರಿಗಳವರು ಒಂದೇ ಜೀಪಿನಲ್ಲಿ ಬರುತ್ತಾರೆ. ಕಳೆದ ವರ್ಷ ಗಣ್ಯರೊಬ್ಬರು ಈ ದಾರಿಯಲ್ಲಿ ಹಾದುಹೋಗುವವರಿದ್ದಾಗ ಒಂದೇ ರಾತ್ರಿಯಲ್ಲಿ ಗುಂಡಿ ಮುಚ್ಚಿದ್ದನ್ನು ಕಣ್ಣಾರೆ ಕಂಡವನು ನಾನು. ಅವರು ಕಾರಿನಿಂದ ಇಳಿಯಲಿಲ್ಲವಾದ್ದರಿಂದ ಜೀಬ್ರಾ ಪಟ್ಟಿಯ ಅಗತ್ಯ ಯಾರಿಗೂ ಕಾಣಲಿಲ್ಲ.

ಆದ್ದರಿಂದ ಮತ್ತೊಮ್ಮೆ ಕೇಳುತ್ತೇನೆ, ನೆಲದ ಮೇಲೆ ದಾಟಲು ದಾರಿ ಕೊಡಿಸಿ. ಫ್ರೀ ಲೆಫ್ಟ್ ಫಲಕ ಕೀಳಿಸಿ, ನಮಗೆ ಹಸಿರು ಬಿದ್ದಾಗ ಎಡಕ್ಕೆ ತಿರುಗುವವರಿಗೂ ಕೆಂಪು ಬೀಳಲಿ. 14 ಸೆಕೆಂಡನ್ನು 50 ಮಾಡಿಸಿ. ವಾಹನದವರಿಗೆ ಅಷ್ಟು ಹೊತ್ತು ಕಾಯುವುದು ಕಷ್ಟವೆಂದಾದರೆ ರಸ್ತೆ ವಿಭಜಕವನ್ನು ಅಗಲ ಮಾಡಿ ನಡುವೆ ನಿಲ್ಲಲು ಜಾಗ ಮಾಡಿಸಿ, ನಾವು ಎರಡು ಕಂತಿನಲ್ಲಿ ದಾಟುತ್ತೇವೆ, ಕಂತು ನಮಗೆ ಅಭ್ಯಾಸವಿದೆ. ದಾಟುವ ಪಟ್ಟಿಯನ್ನು ಫುಟ್‌ಪಾತ್ ಮಟ್ಟಕ್ಕೆ ಎತ್ತರಿಸಿದರೆ ವಾಹನಗಳು ತಾವಾಗಿಯೇ ನಿಧಾನಿಸುತ್ತವೆ, ವಾಕರ್ ಹಿಡಿದವರಿಗೆ ಹತ್ತಿಳಿಯುವ ಪಾಡೂ ಇರುವುದಿಲ್ಲ. ಇನ್ನೊಂದು ಸ್ಕೈವಾಕ್ ಮಾತ್ರ ದಯವಿಟ್ಟು ಬೇಡ. ನೆಲ, ದೀಪ, ಬಣ್ಣ, ಅಷ್ಟು ಸಾಕು.

ಈ ಪತ್ರದ ಒಂದು ಪ್ರತಿಯನ್ನು ಆ ತೆಂಗಿನ ಮರದ ಫೋಟೋ ಸಮೇತ ತಮ್ಮ ಕಚೇರಿಗೆ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳುತ್ತೇನೆ. ಇನ್ನೊಂದನ್ನು ಅಂಗಡಿಯ ಗಾಜಿಗೆ ಅಂಟಿಸಿದ್ದೇನೆ, ಸಿಗ್ನಲ್‌ನಲ್ಲಿ ಕಾಯುವವರು ಓದುತ್ತಿದ್ದಾರೆ. ತಮ್ಮ ಉತ್ತರವನ್ನು ಅಂಟಿಸಲು ಅದರ ಪಕ್ಕದಲ್ಲಿ ಎ4 ಅಳತೆಯ ಜಾಗ ಬಿಟ್ಟಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಸರ್ಕಲ್ ಮೂಲೆಯ ಜೆರಾಕ್ಸ್ ಅಂಗಡಿಯವನು
ಬೆಂಗಳೂರು